ಎಚ್ಚರವಿದ್ದವರ ಋಣ

ತಾಂಜಾನಿಯಾದ ಎಯಾಸಿ ಸರೋವರದ ಸುತ್ತಮುತ್ತ ಹಾಡ್ಜಾ ಎಂಬ ಜನರಿದ್ದಾರೆ. ಬೇಟೆ, ಜೇನು, ಗೆಡ್ಡೆಗೆಣಸುಗಳನ್ನೇ ನಂಬಿ ಬದುಕುವವರು ಅವರಲ್ಲಿ ಇನ್ನೂ ಉಳಿದಿದ್ದಾರೆ. ಹುಲ್ಲಿನ ಗುಡಿಸಲು, ಹತ್ತಿರದಲ್ಲಿ ಬೆಂಕಿ, ನೆಲದ ಮೇಲೆ ಹಾಸು. ಮಾನವಶಾಸ್ತ್ರಜ್ಞ ಡೇವಿಡ್ ಸ್ಯಾಮ್ಸನ್ ಮತ್ತು ಸಂಗಡಿಗರು ಅಲ್ಲಿನ 33 ಮಂದಿಯ ಮುಂಗೈಗೆ ವಾಚಿನಂಥ ಪುಟ್ಟ ಸಾಧನ ಕಟ್ಟಿ, 20 ದಿನ ಅವರ ನಿದ್ದೆಯ ಲೆಕ್ಕ ಇಟ್ಟರು. 2017ರಲ್ಲಿ ಪ್ರಕಟವಾದ ಆ ಲೆಕ್ಕವನ್ನು ಓದಿದಾಗಿನಿಂದ ಅದು ನನ್ನ ಮನಸ್ಸಿನಲ್ಲೇ ಕೂತಿದೆ. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಬರೀ 18 ನಿಮಿಷ.

ಪಹರೆಗೆಂದು ಅಲ್ಲಿ ಯಾರನ್ನೂ ನೇಮಿಸಿರಲಿಲ್ಲ. ಹಿರಿಯರು ಬೇಗ ಮಲಗಿ ಬೇಗ ಏಳುತ್ತಿದ್ದರು, ಹರೆಯದವರಿಗೆ ನಿದ್ದೆ ಹತ್ತುವುದೇ ತಡ. ನಡುವೆ ಒಬ್ಬರು ಅಳುವ ಮಗುವನ್ನು ಸಂತೈಸಲು ಏಳುವರು, ಇನ್ನೊಬ್ಬರು ಎದ್ದು ತಂಬಾಕು ಸೇದಿ ಮತ್ತೆ ಮಲಗುವರು. ವಯಸ್ಸಿಗೆ ತಕ್ಕಂತೆ ನಿದ್ದೆ ಹಿಂದುಮುಂದಾಗುವುದೇ ಗುಂಪಿಗೆ ಕಾವಲಾಗಿ ಒದಗಿರಬೇಕು ಎಂಬುದು ಈ ಸಂಶೋಧಕರ ಊಹೆ. ತಮಗೆ ನಿದ್ದೆಯ ತೊಂದರೆಯಿದೆ ಎಂದು ಹಾಡ್ಜಾಗಳಲ್ಲಿ ಹೇಳಿದವರು ಇಲ್ಲವೆಂಬಷ್ಟು ಕಡಿಮೆ.

ನಮ್ಮಲ್ಲಿ ಅಜ್ಜ ಮೂರು ಗಂಟೆಗೇ ಎದ್ದು ಕೂತರೆ ‘ಇನ್ನೂ ಬೆಳಗಾಗಿಲ್ಲ, ಮಲಗಿ ಅಜ್ಜ’ ಎಂದು ಗದರುತ್ತೇವೆ. ಮಾತ್ರೆ ಬೇಕಾದಂಥ ಕಾಯಿಲೆಯೂ ಇರಬಹುದು, ಅದನ್ನು ವೈದ್ಯರೇ ನೋಡಬೇಕು. ಆದರೆ ಎಚ್ಚರವಿರುವುದನ್ನೇ ತಪ್ಪೆಂಬಂತೆ ಕಾಣುವ ನಮ್ಮ ಅವಸರ ನನಗೆ ಒಪ್ಪಿಗೆಯಾಗುವುದಿಲ್ಲ. ಹಿಂದಿನ ಯುರೋಪಿನಲ್ಲಿ ಎಷ್ಟೋ ಜನ ನಡುರಾತ್ರಿ ಎದ್ದು, ಪ್ರಾರ್ಥನೆ ಮಾಡಿ, ಮಾತಾಡಿ, ಎರಡನೇ ನಿದ್ದೆಗೆ ಮಲಗುತ್ತಿದ್ದರೆಂದು ಇತಿಹಾಸಕಾರ ರೋಜರ್ ಎಕಿರ್ಚ್ ಹಳೆಯ ದಾಖಲೆಗಳಿಂದ ತೋರಿಸಿದ್ದಾರೆ.

ಒಬ್ಬರು ನಿಶ್ಚಿಂತೆಯಿಂದ ಮಲಗಬೇಕಾದರೆ ಇನ್ನೊಬ್ಬರು ಎದ್ದಿರಬೇಕು. ಮಲೆನಾಡಿನ ಗದ್ದೆಯಲ್ಲಿ ಮಾಳ ಕಟ್ಟಿ ಹಂದಿ ಕಾಯುವವರಿಗೆ ಇದು ಗೊತ್ತು. ಅಲ್ಲಿ ಕಾಯುವವರೂ ಮನೆಯವರೇ, ಹಗಲು ಅವರು ಮಲಗಿದರೆ ಮನೆಯೇ ದನಿ ತಗ್ಗಿಸುತ್ತದೆ. ನಗರದಲ್ಲಿ ನಮಗಾಗಿ ಎಚ್ಚರವಿರುವವರು ರಾತ್ರಿ ಪಾಳಿಯ ನರ್ಸ್, ಆಂಬುಲೆನ್ಸ್ ಚಾಲಕ, ಗೇಟಿನ ವಾಚ್‌ಮನ್. ಅವರ ಎಚ್ಚರವನ್ನು ಸಂಬಳಕ್ಕೆ ಕೊಂಡಿದ್ದೇವೆ, ಅವರ ನಿದ್ದೆಯ ಹೊಣೆಯನ್ನು ಮಾತ್ರ ಯಾರೂ ಹೊತ್ತಿಲ್ಲ. ಹನ್ನೆರಡು ತಾಸಿನ ಪಾಳಿ ಮುಗಿಸಿದ ವಾಚ್‌ಮನ್ ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ಹಗಲು ಕಣ್ಣು ಮುಚ್ಚಬೇಕು. ರಾತ್ರಿ ಕುರ್ಚಿಯಲ್ಲಿ ಅವನಿಗೆ ಜೊಂಪು ಹತ್ತಿದರೆ ಬೆಳಗಾಗುವುದರೊಳಗೆ ಫೋಟೊ ಸಮೇತ ದೂರು ಹೋಗುತ್ತದೆ. ಅವನು ಮಲಗುವುದೆಲ್ಲಿ ಎಂದು ನಿವಾಸಿಗಳ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಬೇಕು.