ಸ್ವಂತ ವಾಕ್ಯ ಎಲ್ಲಿದೆ?

ಪಾಠದ ಕೊನೆಗೆ ‘ಪದಗಳ ಅರ್ಥ’ ಎಂಬ ಪಟ್ಟಿ ಇದ್ದೇ ಇರುತ್ತದೆ. ಮಕ್ಕಳು ಅದನ್ನು ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸುತ್ತಾರೆ. ಅದೇ ಪದವನ್ನು ಮಾತಿನಲ್ಲಿ ಬಳಸು ಎಂದರೆ ತಡವರಿಸುತ್ತಾರೆ. ಇಂಗ್ಲಿಷ್ ಕಲಿಯುವ ನಮ್ಮ ಹಳ್ಳಿ ಹುಡುಗರ ಕಷ್ಟವೂ ಇದೇ, ಮೂವತ್ತು ದಿನದಲ್ಲಿ ಕನ್ನಡ ಕಲಿಸುವ ಪುಸ್ತಕ ಕೊಂಡು ಬೆಂಗಳೂರಿನಲ್ಲಿ ಬಾಳುವೆ ಶುರುಮಾಡಿದವರ ಕಷ್ಟವೂ ಇದೇ.

‘ಹಿಡಿ’ ಎಂಬ ಪುಟ್ಟ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿಯುವುದು ಎಂದು ಯಾರು ಬೇಕಾದರೂ ಹೇಳಿಯಾರು. ಆದರೆ ನಾವು ಬಸ್ಸು ಹಿಡಿಯುತ್ತೇವೆ. ಆಷಾಢದಲ್ಲಿ ಜಡಿಮಳೆ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ, ಪಾಯಸ ತಳ ಹಿಡಿಯುತ್ತದೆ. ಈ ಡಬ್ಬಿಯಲ್ಲಿ ಎರಡು ಸೇರು ಅಕ್ಕಿ ಹಿಡಿಯುತ್ತದೆ, ಮನೆಗೆ ಸುಣ್ಣ ಬಳಿಯಲು ವಾರ ಹಿಡಿಯುತ್ತದೆ. ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಅಡುಗೆಮನೆಯಲ್ಲಿ ತಳದ ಜೊತೆ, ಜಗಲಿಯಲ್ಲಿ ಮಳೆಯ ಜೊತೆ ಕೇಳಿ ಕೇಳಿ ಬಂತು.

ಹೊರಗಿನಿಂದ ಬಂದು ಕನ್ನಡ ಕಲಿತ ಫರ್ಡಿನೆಂಡ್ ಕಿಟೆಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಜರ್ಮನಿಯಿಂದ 1853ರಲ್ಲಿ ಬಂದವರು ಅವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ಪದದ ಮುಂದೆ ಅರ್ಥ ಬರೆದು ಕೈತೊಳೆದುಕೊಂಡಿದ್ದರೆ ಅವರ ಕೆಲಸ ಎಷ್ಟೋ ಬೇಗ ಮುಗಿಯುತ್ತಿತ್ತು. ಅವರು ಹಳೆಯ ಕಾವ್ಯಗಳ ಪ್ರಯೋಗಗಳನ್ನೂ ಜನರ ಬಾಯಲ್ಲಿದ್ದ ಗಾದೆಗಳನ್ನೂ ಹುಡುಕಿ ಜೊತೆಗಿಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ ಪ್ರಯೋಗ ಕೊಟ್ಟೇ ಅರ್ಥ ಹೇಳುತ್ತದೆ. ನಿಘಂಟು ಎಂದರೆ ಬರೀ ಅರ್ಥದ ಪಟ್ಟಿ ಎಂದುಕೊಂಡವರು ಇವನ್ನು ಒಮ್ಮೆ ಬಿಡಿಸಿ ನೋಡಬೇಕು.

ಹಾಗಂತ ಪಟ್ಟಿ ಬೇಡವೇ ಬೇಡ ಎನ್ನಲಾರೆ. ಒಂದು ಬರಹದ ನೂರು ಪದಗಳಲ್ಲಿ ಹೆಚ್ಚುಕಡಿಮೆ 98 ಗೊತ್ತಿದ್ದರೆ ಯಾರ ನೆರವೂ ಇಲ್ಲದೆ ಅದನ್ನು ಓದಿ ತಿಳಿದುಕೊಳ್ಳಬಹುದು ಎನ್ನುತ್ತಾರೆ ಪಾಲ್ ನೇಷನ್‌ರಂಥ ಸಂಶೋಧಕರು. ಅಲ್ಲಿಗೆ ಮುಟ್ಟುವ ತನಕ ಬಾಯಿಪಾಠವೂ ಸ್ವಲ್ಪ ಬೇಕು. ಅದಕ್ಕಿಂತ ಹೆಚ್ಚಾಗಿ ಸುಲಭದ ಕಥೆಪುಸ್ತಕಗಳು ಬೇಕು. ಪುಟಕ್ಕೆ ಇಪ್ಪತ್ತು ಹೊಸ ಪದ ತುರುಕಿದ ಪಾಠ ಹುಡುಗನನ್ನು ಓದಿನಿಂದಲೇ ಓಡಿಸುತ್ತದೆ.

‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆ ನಮ್ಮ ಶಾಲೆಗಳಲ್ಲಿ ಇದೆ, ನಿಜ. ಆ ಸ್ವಂತ ವಾಕ್ಯವೂ ಗೈಡಿನಿಂದಲೇ ಬರುತ್ತದೆ! ಇಡೀ ತರಗತಿಯದ್ದು ಒಂದೇ ವಾಕ್ಯ, ಎಲ್ಲರಿಗೂ ಪೂರ್ತಿ ಅಂಕ. ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ: ಗೈಡಿನಲ್ಲಿಲ್ಲದ ವಾಕ್ಯವನ್ನು ಮಗು ಬರೆದರೆ, ಕಾಗುಣಿತ ಕೊಂಚ ತಪ್ಪಿದ್ದರೂ ಸರಿ, ಅದಕ್ಕೊಂದು ಅಂಕ ಹೆಚ್ಚಿಗೆ ಕೊಡಿ.