ಉಳಿದವರ ದೇವರು

‘ದೇವರು ಕಾಪಾಡಿದ’ ಎನ್ನುವುದು ಉಳಿದವರಷ್ಟೇ ಆಡಬಲ್ಲ ಮಾತು. 2025ರ ಜನವರಿ 24ರ ಬೆಳಗ್ಗೆ, ನಾನು ನರ್ಸ್ ಆಗಿರುವ ಗಾಲ್ವೇ ಕೌಂಟಿಯ ವೃದ್ಧಾಶ್ರಮದಲ್ಲಿ ಎಲ್ಲರ ಬಾಯಲ್ಲೂ ಅದೇ ಇತ್ತು. ಐರ್ಲೆಂಡಿಗೆಲ್ಲ ರೆಡ್ ಅಲರ್ಟ್ ಇದ್ದುದರಿಂದ ನಾವು ರಾತ್ರಿ ಅಲ್ಲೇ ತಂಗಿದ್ದೆವು. ನಸುಕಿನಲ್ಲಿ ಏಯೋವಿನ್ ಬಿರುಗಾಳಿ ಬಂದೆರಗಿತು. ನಮ್ಮ ಕರಾವಳಿಯ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 180 ಕಿ.ಮೀ. ದಾಟಿ, 1945ರ ದಾಖಲೆ ಮುರಿಯಿತು. ನಮ್ಮ ಚಾವಣಿ ಉಳಿಯಿತು. ಜನರೇಟರ್ ಗುಡುಗುಡು ಎನ್ನುತ್ತಿರಲು, ಕೈಯಲ್ಲಿ ಜಪಮಾಲೆ ಹಿಡಿದಿದ್ದ ಅಜ್ಜಿಯೊಬ್ಬರು ಕೇಳಿದರು: ‘ಚಾವಣಿ ಹಾರಿಹೋದ ಮನೆಯವರು ಇವತ್ತು ಏನನ್ನಬೇಕು, ಮಗಳೇ?’

ಅದೇ ದಿನ ಡೊನೆಗಾಲ್‌ನಲ್ಲಿ ಕಾರಿನ ಮೇಲೆ ಮರ ಬಿದ್ದು ಯುವಕನೊಬ್ಬ ತೀರಿಕೊಂಡ. ಅವನ ಮನೆಯಲ್ಲಿ ಪ್ರಾರ್ಥನೆ ನಡೆದಿರಲಿಲ್ಲವೆಂದು ಹೇಳಲು ನಾನಾರು? ನನ್ನನ್ನು ಉಳಿಸಿದ್ದು ನನ್ನ ಭಕ್ತಿ ಎಂದರೆ, ಅವನ ತಾಯಿಯ ಭಕ್ತಿಗೆ ಕೊರತೆಯಿತ್ತು ಎಂದಂತೆ. ಬಾಯಿಬಿಟ್ಟು ಹೇಳದಿದ್ದರೂ ಅರ್ಥ ಅದೇ.

ಬೈಬಲ್ಲಿನ ಯೋಬನ ಮಕ್ಕಳನ್ನು ಕೊಂದದ್ದೂ ಬಿರುಗಾಳಿಯೇ. ಮರುಭೂಮಿಯ ಕಡೆಯಿಂದ ಬಂದು ಮನೆಯ ನಾಲ್ಕೂ ಮೂಲೆಗೆ ಬಡಿಯಿತು. ಸಂತೈಸಲು ಬಂದ ಗೆಳೆಯರು ಅವನ ಪಾಪವನ್ನು ಹುಡುಕತೊಡಗಿದರು. ಕೊನೆಗೆ ದೇವರು ಗದರಿದ್ದು ಆ ಗೆಳೆಯರನ್ನೇ. 1839ರ ಜನವರಿ 6ರ ‘ಮಹಾಗಾಳಿಯ ರಾತ್ರಿ’ಯಲ್ಲಿ ಅನೇಕ ಐರಿಷ್ ಜನರಿಗೆ ಅದು ಪ್ರಳಯದ ದಿನವೆಂದೇ ಅನ್ನಿಸಿತ್ತು. ಗುಡಿಸಲು, ಬಂಗಲೆ, ಚರ್ಚು ಯಾವುದನ್ನೂ ಗಾಳಿ ಬಿಡಲಿಲ್ಲ. ಎಪ್ಪತ್ತು ವರ್ಷಗಳ ನಂತರ, 1909ರಲ್ಲಿ, ವೃದ್ಧಾಪ್ಯ ಪಿಂಚಣಿ ಬಂದಾಗ ಜನನ ದಾಖಲೆಯಿಲ್ಲದವರು ‘ಆ ರಾತ್ರಿ ನನಗೆ ನೆನಪಿದೆ’ ಎಂದು ವಯಸ್ಸು ಸಾಬೀತುಪಡಿಸಿದರು. ಪ್ರಳಯವೆಂದು ಹೆದರಿಸಿದ ರಾತ್ರಿಯೇ ಪಿಂಚಣಿಗೆ ಸಾಕ್ಷಿಯಾಯಿತು. ಗಾಳಿಯ ಅರ್ಥ ಹೇಳಲು ನಾವು ಎಷ್ಟು ಅವಸರ ಪಡುತ್ತೇವೆ!

ಕೇನೋಪನಿಷತ್ತಿನಲ್ಲಿ ದೇವತೆಗಳು ಬ್ರಹ್ಮದಿಂದ ದೊರೆತ ಗೆಲುವನ್ನು ತಮ್ಮದೆಂದು ಬೀಗುತ್ತಾರೆ. ಆಗ ಯಕ್ಷನೊಬ್ಬ ವಾಯುವಿನ ಮುಂದೆ ಒಂದು ಹುಲ್ಲುಕಡ್ಡಿ ಇಡುತ್ತಾನೆ. ಭೂಮಿಯ ಮೇಲಿರುವುದನ್ನೆಲ್ಲ ಎತ್ತಿಕೊಂಡು ಹೋಗಬಲ್ಲೆ ಎಂದ ವಾಯುವಿಗೆ ಅದನ್ನು ಅಲುಗಿಸಲೂ ಆಗುವುದಿಲ್ಲ. ಚಿಕ್ಕಂದಿನಲ್ಲಿ ಇದು ವಾಯುವಿನ ಸೊಕ್ಕು ಮುರಿದ ಕಥೆಯೆಂದು ಕೇಳಿದ್ದೆ. ಈಗ ನೋಡಿದರೆ, ಬದುಕುಳಿದದ್ದನ್ನು ತನ್ನ ಗೆಲುವೆಂದುಕೊಳ್ಳುವ ಭಕ್ತನ ಸೊಕ್ಕಿಗೂ ಅದೇ ಮದ್ದು.

ಹಾಗಾದರೆ ಕೈಮುಗಿಯುವುದೇ ಬೇಡವೇ? ವಾಯುಭಾರ ಕುಸಿತದ ಲೆಕ್ಕವಷ್ಟೇ ಸಾಕೇ? ನನಗೆ ಸಾಲದು. ಉಸಿರಾಡುತ್ತಿರುವುದಕ್ಕೆ ಕೃತಜ್ಞತೆ ತಾನಾಗಿ ಉಕ್ಕುತ್ತದೆ, ತಡೆಯಬೇಕಿಲ್ಲ. ಆದರೆ ಅದಕ್ಕೆ ನನ್ನ ಯೋಗ್ಯತೆಯನ್ನು ಕಾರಣವಾಗಿ ಕೊಡಲಾರೆ. ಉಳಿದದ್ದು ಬಹುಮಾನವಲ್ಲ, ಋಣ.

ಋಣ ಎಂದ ಮೇಲೆ ತೀರಿಸಬೇಕು. ಏಯೋವಿನ್ ಹೊಡೆತಕ್ಕೆ 7,68,000 ಸಂಪರ್ಕಗಳಿಗೆ ಕರೆಂಟ್ ಹೋಗಿತ್ತು. ಕೆಲವೆಡೆ ಎರಡು ವಾರವಾದರೂ ಬರಲಿಲ್ಲ. ಪಂಪ್ ನಿಂತು ಬಾವಿಯಿದ್ದ ಮನೆಗಳಲ್ಲೂ ನೀರಿಲ್ಲ. ಗ್ಯಾಸ್ ಒಲೆಯಿದ್ದವರು ನೆರೆಯವರಿಗೂ ಬೇಯಿಸಿದರು. ಫ್ರಾನ್ಸ್, ಫಿನ್ಲೆಂಡಿನಿಂದ ಲೈನ್‌ಮನ್‌ಗಳು ಬಂದು ಕಂಬ ಹತ್ತಿದರು. ದೇವರು ಯಾರನ್ನು ಏಕೆ ಉಳಿಸಿದ ಎಂದು ಅವರು ವಿಚಾರಿಸಲಿಲ್ಲ. ನನ್ನ ಮಟ್ಟಿಗೆ ಅಜ್ಜಿಯ ಪ್ರಶ್ನೆಗೆ ಇವರೆಲ್ಲರ ಕೆಲಸದಷ್ಟು ಹತ್ತಿರ ಬಂದ ಉತ್ತರವನ್ನು ಯಾವ ಶಾಸ್ತ್ರಿಗಳೂ ಕೊಟ್ಟಿಲ್ಲ, ಪಾದ್ರಿಗಳೂ ಕೊಟ್ಟಿಲ್ಲ.