ಬೂದಿಯಡಿಯ ಬಾಟಲಿಗಳು



ನವೆಂಬರ್ ತಿಂಗಳು ಕಳೆದು ಚಳಿ ಬಿಗಿಯಾಗತೊಡಗಿದಾಗ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕೆಲವರು ಗುದ್ದಲಿ, ಸನಿಕೆ ಹೆಗಲಿಗೇರಿಸಿ ಮನೆಯಿಂದ ಹೊರಡುತ್ತಾರೆ. ಅವರು ಹುಡುಕುವುದು ನಿಧಿಯನ್ನಲ್ಲ. ನೂರು, ನೂರೈವತ್ತು ವರ್ಷಗಳ ಹಿಂದೆ ಜನ ಬೇಡವೆಂದು ಎಸೆದ ಬಾಟಲಿ, ಜಾಡಿ, ಭರಣಿಗಳನ್ನು. ತಿಪ್ಪೆಯನ್ನು ಕೆದಕುವ ಇದೆಂಥ ಹವ್ಯಾಸ ಎಂದು ನೀವು ನಗಬಹುದು. ಆದರೆ ತಾಳ್ಮೆಯಿಂದ ಕೇಳಿ, ನಮ್ಮ ನಿಮ್ಮ ಮನೆಗಳಿಗೆ ಸಂಬಂಧಪಟ್ಟ ಮಾತು ಇದರಲ್ಲಿದೆ.

ಆ ಕಾಲದಲ್ಲಿ ಅಲ್ಲಿನ ಪ್ರತಿಯೊಂದು ಮನೆಯ ಒಲೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಮನೆಯ ಕಸವೆಂದರೆ ಹೆಚ್ಚಾಗಿ ಅದರ ಬೂದಿಯೇ. 1875ರಲ್ಲಿ ಬಂದ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ ಪಟ್ಟಣಗಳ ಆಡಳಿತದವರು ಕಸವನ್ನು ಕ್ರಮವಾಗಿ ಸಾಗಿಸತೊಡಗಿದರು. ಊರ ಹೊರಗಿನ ಹಳ್ಳಗಳನ್ನು, ಕಲ್ಲು ತೆಗೆದು ಬಿಟ್ಟ ಗುಂಡಿಗಳನ್ನು ಆ ಬೂದಿಯಿಂದ ತುಂಬಿದರು. ಕಾಗದ ಕೊಳೆಯಿತು, ಬಟ್ಟೆ ಕರಗಿತು, ತಗಡು ತುಕ್ಕಾಗಿ ಉದುರಿತು. ಗಾಜು ಮತ್ತು ಸುಟ್ಟ ಮಣ್ಣಿನ ಪಾತ್ರೆಗಳು ಮಾತ್ರ ಬೂದಿಯ ಹಾಸಿಗೆಯಲ್ಲಿ ಹಾಗೆಯೇ ಮಲಗಿದವು. ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಕೀಲರ್ ಮಾರ್ಮಲೇಡಿನ ಬಿಳಿ ಜಾಡಿ, ಜಿಂಜರ್ ಬಿಯರಿನ ಪಿಂಗಾಣಿ ಬಾಟಲಿ, ವಿಷದ ಔಷಧಿ ತುಂಬುತ್ತಿದ್ದ ಕಡುನೀಲಿ ಸೀಸೆ. ಆ ನೀಲಿ ಸೀಸೆಗಳಿಗೆ ಮೈತುಂಬ ಗೀರುಗಳು. ಕತ್ತಲೆಯಲ್ಲಿ ಕೈಹಾಕಿದರೂ ಬೆರಳು ‘ಇದು ಕುಡಿಯುವುದಲ್ಲ’ ಎಂದು ತಿಳಿಯಲಿ ಎಂಬ ಮುಂಜಾಗ್ರತೆ!

ನಮಗೆ ಪರಿಚಯದ ಬಾಟಲಿಯೂ ಅಲ್ಲಿ ಸಿಗುತ್ತದೆ. ಜಾತ್ರೆಯಲ್ಲಿ, ಬಸ್‌ನಿಲ್ದಾಣದ ಅಂಗಡಿಯಲ್ಲಿ ‘ಟಪ್’ ಎಂದು ಗೋಲಿ ಒತ್ತಿ ಕೊಡುವ ಸೋಡಾ ನಿಮಗೆ ಗೊತ್ತು. ಲಂಡನ್ನಿನ ಹೈರಮ್ ಕಾಡ್ ಎಂಬವರು 1870ರ ದಶಕದ ಆರಂಭದಲ್ಲಿ ಹಕ್ಕುಪತ್ರ ಪಡೆದ ಬಾಟಲಿಯದು. ಅಲ್ಲಿ ಅದು ಹಿಂದೆಯೇ ಮರೆಯಾಯಿತು, ನಮ್ಮಲ್ಲಿ ಉಳಿಯಿತು. ಇಡಿಯಾಗಿ ಸಿಗುವ ಹಳೆಯ ಗೋಲಿ ಬಾಟಲಿಗೆ ಅಲ್ಲಿ ಬೆಲೆಯುಂಟು. ಏಕೆಂದರೆ ಆ ಕಾಲದ ಮಕ್ಕಳು ಗೋಲಿಯ ಆಸೆಗೆ ಬಾಟಲಿಗಳನ್ನು ಒಡೆದು ಹಾಕಿದ್ದರು. ಮಕ್ಕಳು ಎಲ್ಲಿದ್ದರೂ ಮಕ್ಕಳೇ.

ಅಗೆಯಲು ಚಳಿಗಾಲವೇ ಏಕೆ? ಬೇಸಿಗೆಯಲ್ಲಿ ಹಳೆಯ ತಿಪ್ಪೆಗಳ ಮೇಲೆ ತುರಚೆಗಿಡವೂ ಮುಳ್ಳುಪೊದೆಯೂ ಆಳೆತ್ತರ ಬೆಳೆದಿರುತ್ತವೆ. ನೋಡಿದವರಿಗೆ ಅದು ಹಸಿರು ದಿಬ್ಬ, ಅಷ್ಟೆ. ಚಳಿ ಬಿದ್ದು ಎಲೆ ಉದುರಿದ ಮೇಲೆ ನೆಲ ಕಾಣಿಸುತ್ತದೆ. ಮೊಲದ ಬಿಲದ ಬಾಯಲ್ಲಿ ಒಂದು ಗಾಜಿನ ಚೂರು, ಬೂದಿಯ ಒಂದು ಹಿಡಿ ಕಾಣಿಸುತ್ತದೆ. ಹಿಮ ಬಿದ್ದು ನೆಲ ಕಲ್ಲಾಗುವ ಮೊದಲೇ ಕೆಲಸ ಮುಗಿಸಬೇಕು.

ನಮ್ಮ ಪಂಚಾಂಗದಲ್ಲೂ ಇದು ಎಲೆ ಉದುರುವ ಕಾಲ. ನವೆಂಬರ್ 2ರಂದು ಮೃತರ ಸ್ಮರಣೆಗೆ ಸಮಾಧಿಗಳ ಹುಲ್ಲು ಕಿತ್ತು ಮೇಣದಬತ್ತಿ ಹಚ್ಚುತ್ತೇವೆ. ಅದರ ಬೆನ್ನಿಗೇ ಆಗಮನಕಾಲ. ಹಬ್ಬದ ಗಡಿಬಿಡಿ, ಮದುವೆಯ ಓಡಾಟ, ದುಡಿಮೆಯ ಸದ್ದು ಇರುವಾಗ ನಮ್ಮ ಬದುಕಿನ ಮೇಲೂ ಹಸಿರು ಮುಚ್ಚಿರುತ್ತದೆ. ಸುಣ್ಣ ಬಳಿಸಲು ಮನೆಯ ಸಾಮಾನನ್ನೆಲ್ಲ ಹೊರಗಿಡುವ ಡಿಸೆಂಬರ್ ತಿಂಗಳಲ್ಲಿ, ಅಟ್ಟದ ಮೇಲಿಂದ ಅಥವಾ ಕಟ್ಟಿಗೆ ರಾಶಿಯ ಹಿಂದಿನಿಂದ ಒಂದು ಖಾಲಿ ಬಾಟಲಿ ಉರುಳಿ ಬರುವುದುಂಟು. ಮನೆಯ ತಾಯಿ ಅದನ್ನು ಸೆರಗಿನಲ್ಲಿ ಮುಚ್ಚಿ ಮಕ್ಕಳ ಕಣ್ಣಿಗೆ ಬೀಳದಂತೆ ಹೊರಗೆ ಒಯ್ಯುತ್ತಾಳೆ. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆನ್ನುವ ಧೈರ್ಯ ನನಗಿಲ್ಲ.

ಅಮೆರಿಕದಲ್ಲಿ ಬಾಟಲಿ ಅಗೆಯುವವರು ಹಳೆಯ ಮನೆಗಳ ಹಿತ್ತಲಿನಲ್ಲಿ ಪಾಯಿಖಾನೆಯ ಗುಂಡಿಗಳನ್ನು ಹುಡುಕುತ್ತಾರೆ. (ಮೂಗು ಮುಚ್ಚಬೇಡಿ, ನೂರು ವರ್ಷದಲ್ಲಿ ಅದೆಲ್ಲ ಬರೀ ಮಣ್ಣಾಗಿರುತ್ತದೆ.) ಆ ಗುಂಡಿಗಳಲ್ಲಿ ಸಾರಾಯಿ ಬಾಟಲಿಗಳು ಸಿಗುವುದು ಅಪರೂಪವಲ್ಲ. ಮನೆಯವರ ಕಣ್ಣು ತಪ್ಪಿಸಿ ಕುಡಿದವನಿಗೆ ಬಾಟಲಿಯನ್ನು ಯಾರೂ ಕೈಹಾಕದ ಜಾಗದಲ್ಲಿ ಹಾಕುವುದೇ ಕ್ಷೇಮವೆನಿಸಿರಬೇಕು. ‘ಬಿಟರ್ಸ್’ ಎಂಬ ಹೊಟ್ಟೆನೋವಿನ ಔಷಧಿಯ ಸೀಸೆಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ವಿಸ್ಕಿಗೆ ಕಡಿಮೆಯಿಲ್ಲದಷ್ಟು ಮದ್ಯಸಾರ ಇರುತ್ತಿತ್ತು. ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರೂ ‘ಔಷಧಿ’ ಎಂದು ಅದನ್ನು ಸೇವಿಸಬಹುದಿತ್ತು.

ಹೂತಿಟ್ಟದ್ದು ಇಲ್ಲವಾಯಿತೆಂದು ಭಾವಿಸಿದವರು ಅವರೇ ಮೊದಲಿಗರಲ್ಲ. ಯೆಹೋಶುವನ ಗ್ರಂಥದ ಏಳನೆಯ ಅಧ್ಯಾಯವನ್ನು ತೆರೆದು ನೋಡಿ. ಜೆರಿಕೊ ಪಟ್ಟಣದ ಕೊಳ್ಳೆಯಿಂದ ಆಕಾನನು ಒಂದು ಒಳ್ಳೆಯ ನಿಲುವಂಗಿ, ಇನ್ನೂರು ಶೆಕೆಲ್ ಬೆಳ್ಳಿ, ಐವತ್ತು ಶೆಕೆಲಿನ ಚಿನ್ನದ ಗಟ್ಟಿ ಎತ್ತಿಕೊಂಡು ತನ್ನ ಗುಡಾರದ ನೆಲದಲ್ಲಿ ಹೂತಿಟ್ಟ. ಅದರ ಮೇಲೆಯೇ ಅವನ ಮನೆಯವರು ಉಂಡರು, ಮಲಗಿದರು. ಮುಂದೆ ಆಯಿ ಪಟ್ಟಣದ ಮುಂದೆ ಸೋತು ಸತ್ತವರು ಮೂವತ್ತಾರು ಮಂದಿ. ಅವರಿಗೆ ಆ ಗುಡಾರದಲ್ಲಿ ಏನಿತ್ತೆಂಬುದೂ ತಿಳಿದಿರಲಿಲ್ಲ. ಒಬ್ಬನು ಮುಚ್ಚಿಟ್ಟದ್ದಕ್ಕೆ ಏನೂ ಅರಿಯದವರು ಬೆಲೆ ತೆರುವುದು ಕುಡಿತದ ಮನೆಗಳಲ್ಲಿ ದಿನವೂ ನಡೆಯುವ ಕಥೆ. ಮಗನ ಶಾಲೆಯ ಶುಲ್ಕ, ಮಗಳ ನಿದ್ದೆ, ಹೆಂಡತಿಯ ಕಿವಿಯ ಓಲೆ.

ಹಾಗೆಂದು ನೆಲದಡಿ ಇರುವುದೆಲ್ಲ ಪಾಪವೇ ಎಂದು ತಿಳಿಯಬಾರದು. ಅದೇ ಅಮೆರಿಕದ ಗುಂಡಿಗಳಲ್ಲಿ ‘ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್’ ಎಂದು ಗಾಜಿನಲ್ಲೇ ಅಚ್ಚಾದ ಪುಟ್ಟ ಸೀಸೆಗಳು ದೊರೆಯುತ್ತವೆ. ಹಲ್ಲು ಬರುವಾಗ ಅಳುವ ಹಸುಳೆಗಳನ್ನು ಸಮಾಧಾನಪಡಿಸುವ ಔಷಧಿಯೆಂದು ಅದನ್ನು 1849ರಿಂದ ಮಾರುತ್ತಿದ್ದರು. ಅದರಲ್ಲಿದ್ದದ್ದು ಮಾರ್ಫಿನ್, ಅಫೀಮಿನ ಸಾರ. ಮಗು ಶಾಂತವಾಗಿ ಮಲಗಿತು. ಎಷ್ಟೋ ಮಕ್ಕಳು ಮತ್ತೆ ಏಳಲಿಲ್ಲ. ಒಳಗೇನಿದೆಯೆಂದು ಸೀಸೆಯ ಮೇಲೆ ಬರೆಯಬೇಕೆಂಬ ಕಾನೂನು ಅಲ್ಲಿ ಬಂದದ್ದು 1906ರಲ್ಲಿ. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಅದನ್ನು ಶಿಶುಗಳನ್ನು ಕೊಲ್ಲುವ ಔಷಧಿಗಳ ಸಾಲಿಗೆ ಸೇರಿಸಿತು. ಆ ತಾಯಂದಿರು ಚಮಚದಲ್ಲಿ ಎರೆದದ್ದು ಪ್ರೀತಿಯನ್ನು. ಅಂಥ ತಾಯಿ ನಮ್ಮ ನಡುವೆಯೂ ಇದ್ದಾಳೆ. ‘ಆ ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದರೆ’ ಎಂದು ಇಪ್ಪತ್ತು ವರ್ಷಗಳಿಂದ ಯಾರಿಗೂ ಹೇಳದೆ ಎದೆಯಲ್ಲಿ ಹೂತಿಟ್ಟುಕೊಂಡವಳು. ತಿಳಿಯದೆ ಆದದ್ದು, ಒಳ್ಳೆಯದಾಗಲೆಂದು ಮಾಡಿದ್ದು ಪಾಪವಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಅವಳಿಗೆ ಬೇಕಾದದ್ದು ಪ್ರಾಯಶ್ಚಿತ್ತವಲ್ಲ, ಪಕ್ಕದಲ್ಲಿ ಕುಳಿತು ಅದನ್ನು ಕೇಳಿಸಿಕೊಳ್ಳುವ ಒಬ್ಬರು.

ಅಗೆಯುವವರಿಗೆ ಕೆಲವು ಕಟ್ಟುನಿಟ್ಟುಗಳುಂಟು. ನೆಲದ ಒಡೆಯನ ಒಪ್ಪಿಗೆಯಿಲ್ಲದೆ ಒಂದು ಹಿಡಿ ಮಣ್ಣನ್ನೂ ತೆಗೆಯಕೂಡದು. ಇದನ್ನು ಭಾನುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯ ಹಿತ್ತಲು ಅಗೆಯುವವರು ದಯವಿಟ್ಟು ಎರಡು ಸಲ ಓದಿಕೊಳ್ಳಲಿ. ಆತ್ಮಶೋಧನೆ ಎಂಬ ಮಾತಿನಲ್ಲಿ ಶೋಧಿಸಬೇಕಾದದ್ದು ನಮ್ಮದೇ ಆತ್ಮವನ್ನು.

ಗುಂಡಿಯ ಗೋಡೆಯನ್ನು ಕೆಳಗಿನಿಂದ ಕೊರೆಯುತ್ತ ಹೋಗಬಾರದು, ಮೇಲಿನ ಮಣ್ಣು ಕುಸಿದು ಜೀವ ಹೋಗುತ್ತದೆ. ಒಂಟಿಯಾಗಿ ಇಳಿಯಬಾರದು. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯ, ಒಬ್ಬರ ಮುಂದೊಬ್ಬರು ಕುಳಿತು ನಿಜ ಹೇಳಿಕೊಂಡದ್ದರಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ನಾಲ್ಕನೆಯದು ತನ್ನ ಬದುಕನ್ನು ಅಂಜದೆ ಶೋಧಿಸುವುದು. ಐದನೆಯದು ಕಂಡದ್ದನ್ನು ದೇವರಿಗೂ ತನಗೂ ಇನ್ನೊಬ್ಬ ಮನುಷ್ಯನಿಗೂ ಹೇಳುವುದು. ಆ ಇನ್ನೊಬ್ಬ ಮನುಷ್ಯನಿಲ್ಲದೆ ಗುಂಡಿಗೆ ಇಳಿಯಬಾರದೆಂದು ಅನುಭವದಿಂದ ಅವರು ಅರಿತಿದ್ದರು. ನಮಗಂತೂ ಪಾಪನಿವೇದನೆಯ ಸಂಸ್ಕಾರವಿದೆ, ಅಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಹೇಳದ ಗುರುವಿದ್ದಾನೆ. ಆದರೂ ಸರದಿಯಲ್ಲಿ ನಿಲ್ಲುವಾಗ ಕಾಲು ನಡುಗುತ್ತದೆ. ನಡುಗಲಿ, ನಿಲ್ಲಿ.

ಇನ್ನು ಬಾಟಲಿ ಕಂಡ ಮೇಲಿನ ಮಾತು. ಹೊಳೆಯುವ ಗಾಜಿನ ಅಂಚು ಕಂಡೊಡನೆ ಬಲ್ಲವರು ಗುದ್ದಲಿಯನ್ನು ಬದಿಗಿಡುತ್ತಾರೆ. ಸುತ್ತಲಿನ ಬೂದಿಯನ್ನು ಬೆರಳಿನಿಂದ ಬಿಡಿಸುತ್ತಾರೆ. ಕುತ್ತಿಗೆ ಹಿಡಿದು ಎಳೆದರೆ ಕುತ್ತಿಗೆ ಮಾತ್ರ ಕೈಗೆ ಬರುತ್ತದೆ. ಹೊರತೆಗೆದ ಮೇಲೆ ಮನೆಗೆ ತಂದು ಕೂಡಲೇ ಬಿಸಿನೀರಿಗೆ ಹಾಕುವುದಿಲ್ಲ. ಇಲ್ಲಿಯೇ ಅನುಭವವಿಲ್ಲದವರು ಸೋಲುವುದು. ಚಳಿನೆಲದಲ್ಲಿ ನೂರು ವರ್ಷ ಮಲಗಿದ್ದ ಗಾಜಿನ ಮೇಲೆ ಬಿಸಿನೀರು ಬಿದ್ದರೆ ಹೊರಮೈ ಒಮ್ಮೆಗೇ ಹಿಗ್ಗುತ್ತದೆ, ಒಳಮೈ ಇನ್ನೂ ತಣ್ಣಗಿರುತ್ತದೆ. ಗಾಜು ‘ಟಳ್’ ಎಂದು ಸೀಳುತ್ತದೆ. ಅದಕ್ಕೇ ಬಾಟಲಿಯನ್ನು ಮನೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ತೊಳೆಯುತ್ತಾರೆ.

ಮನೆಯವರೇ, ಈ ಮಾತನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಸುಳ್ಳು ಹೇಳಿದ ಗಂಡ, ಸಾಲ ಮುಚ್ಚಿಟ್ಟ ಮಗ, ಒಂದು ರಾತ್ರಿ ನಿಮ್ಮ ಮುಂದೆ ಕುಳಿತು ‘ನಾನು ಹೀಗೆ ಮಾಡಿದ್ದೇನೆ’ ಎಂದು ಬಾಯಿ ತೆರೆದರೆ, ಆ ಗಳಿಗೆಯಲ್ಲಿ ಕುದಿಯುವ ನೀರನ್ನು ಸುರಿಯಬೇಡಿ. ನಿಮ್ಮ ಸಿಟ್ಟಿಗೆ ಕಾರಣವಿಲ್ಲ ಎನ್ನುತ್ತಿಲ್ಲ. ಕಾರಣ ಬೇಕಾದಷ್ಟಿದೆ, ಲೆಕ್ಕ ಕೇಳುವ ದಿನವೂ ಬರಬೇಕು, ನ್ಯಾಯವಾಗಿಯೇ ಬರಬೇಕು. ಹೊಡೆತ ಬಡಿತವಿರುವ ಮನೆಯಲ್ಲಿ ಮೊದಲು ಮಕ್ಕಳ ರಕ್ಷಣೆ, ನಿಮ್ಮ ರಕ್ಷಣೆ, ಉಳಿದದ್ದೆಲ್ಲ ಆಮೇಲೆ. ಆದರೆ ಆಗ ತಾನೇ ಬೂದಿಯಿಂದ ಮೇಲೆದ್ದು ಬಂದ ಮಾತಿಗೆ ಒಂದು ರಾತ್ರಿಯ ಸಮಯ ಕೊಡಿ. ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಮನೆಗೆ ಮರಳಿದ ಕಿರಿಯ ಮಗ ದಾರಿಯುದ್ದಕ್ಕೂ ಒಂದು ನಿವೇದನೆಯನ್ನು ಕಟ್ಟಿಕೊಂಡು ಬಂದಿದ್ದ. ಕೂಲಿಯಾಳಾಗಿ ಇಟ್ಟುಕೋ ಎಂಬ ಮಾತು ಅವನ ಬಾಯಿಂದ ಹೊರಡುವ ಮೊದಲೇ ತಂದೆ ಬಟ್ಟೆ ತರಿಸಿದ, ಉಂಗುರ ತರಿಸಿದ. ಹಾಳಾದ ಆಸ್ತಿಯ ಲೆಕ್ಕವನ್ನು ಅಂದು ಅವನು ಕೇಳಲಿಲ್ಲ.

ದೇಹಕ್ಕೂ ಇದೇ ನಿಯಮ. ವರ್ಷಗಳಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರು ಹರಕೆ ಹೊತ್ತು ಒಮ್ಮೆಗೇ ಬಿಟ್ಟಾಗ ಕೈ ನಡುಕ, ಫಿಟ್ಸ್, ಭ್ರಮೆ ಬರುವುದುಂಟು; ಪ್ರಾಣಾಪಾಯವೂ ಆಗಬಹುದು. ಅದು ನಂಬಿಕೆಯ ಕೊರತೆಯಲ್ಲ, ದೇಹದ ಧರ್ಮ. ಆದ್ದರಿಂದ ಹರಕೆಯ ಜೊತೆಗೆ ವೈದ್ಯರ ಸಲಹೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ನಿಮ್ಮ ಊರಿನ ವೈದ್ಯರೂ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ.

ತೊಳೆದ ಬಾಟಲಿಯಲ್ಲಿ ಅಗೆಯುವವರು ಮೊದಲು ನೋಡುವುದು ಹೆಸರನ್ನು. ಅಂಟಿಸಿದ ಕಾಗದದ ಚೀಟಿ ಎಂದೋ ಕೊಳೆತು ಹೋಗಿರುತ್ತದೆ. ಆದರೆ ಗಾಜು ಕೆಂಪಗೆ ಕಾದಿದ್ದಾಗ ಅಚ್ಚಿನಲ್ಲಿ ಒತ್ತಿದ ಅಕ್ಷರಗಳು ಹೋಗಿರುವುದಿಲ್ಲ. ಎಷ್ಟೋ ಬಾಟಲಿಗಳ ಮೇಲೆ ‘ಇದು ಇಂಥವರ ಸೊತ್ತು’ ಎಂದು ಒತ್ತಿರುತ್ತದೆ. ಅದನ್ನು ತಯಾರಕರಿಗೆ ಮರಳಿಸಬೇಕಿತ್ತು, ಯಾರೋ ಎಸೆದುಬಿಟ್ಟರು. ಊರಿನವರು ನಿಮ್ಮ ಮನೆಯವನಿಗೆ ಅಂಟಿಸಿದ ಚೀಟಿಗಳು ಹಲವಿರಬಹುದು: ಕುಡುಕ, ಸಾಲಗಾರ, ಕೈಲಾಗದವನು. ಜ್ಞಾನಸ್ನಾನದ ದಿನ ಒತ್ತಿದ ಮುದ್ರೆ ಅದರಡಿಯಲ್ಲಿದೆ; ಧರ್ಮಸಭೆಯ ಬೋಧನೆಯಂತೆ ಯಾವ ಪಾಪವೂ ಅದನ್ನು ಅಳಿಸಲಾರದು.

ಈ ಆಗಮನಕಾಲದಲ್ಲಿ ಅವನು ಪಾಪನಿವೇದನೆ ಮಾಡಿ ಮನೆಗೆ ಬಂದರೆ, ಏನು ಹೇಳಿದಿರಿ, ಗುರುಗಳು ಏನೆಂದರು ಎಂದು ಕೇಳಬೇಡಿ. ಕೈಕಾಲು ತೊಳೆಯಲು ನೀರು ಕೊಡಿ. ಮಕ್ಕಳ ಜೊತೆ ಕೂರಿಸಿ ಊಟ ಬಡಿಸಿ.